ಟಾರ್ಪಾಲು ಹೊದ್ದ ಹೊಂಡ

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ಒಂದೂರಲ್ಲಿ ಜವರಮ್ಮ ಅಂತ ಒಬ್ಬಳು, ಅವಳಿಗೆ ಮೊಗಣ್ಣ ಅಂತ ಒಬ್ಬನೇ ಮಗ. ಆಳು ಗಟ್ಟಿಮುಟ್ಟು, ಹೇಳಿದ ಮಾತನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ಅದೇ ಅವನ ರೋಗ.

ಜವರಮ್ಮ ಊರ ಸ್ಕೂಲಲ್ಲಿ ಬಿಸಿಯೂಟದ ಅಡುಗೆಯವಳು. ಸ್ಕೂಲಿನ ಸೂರು ಸೋರುತ್ತಿತ್ತು. ತಾಲ್ಲೂಕಿನ ಸಾಹೇಬರು ಪ್ರತಿ ಸಲ ಬೇಸಿಗೆಯಲ್ಲೇ ಬಂದು, ಕತ್ತೆತ್ತಿ ನೋಡಿ, ಸೋರುತ್ತಿಲ್ಲ ಅಂತ ಬರೆದುಕೊಂಡು ಹೋಗುತ್ತಿದ್ದರು. ಈ ಸಲ ಮಳೆಯಲ್ಲೇ ಬರುತ್ತಾರೆ, ರಿಪೇರಿಗೆ ದುಡ್ಡು ಸಿಗದಿದ್ದರೆ ಸೋರುವ ಸ್ಕೂಲು ಮುಚ್ಚಿ ಮಕ್ಕಳನ್ನು ಹೆದ್ದಾರಿಯಾಚೆ ಕಳಿಸುತ್ತಾರೆ ಅಂತ ಮೇಷ್ಟ್ರು ಹೇಳಿದ್ದರು. ಜವರಮ್ಮನಿಗೆ ಅದೇ ಚಿಂತೆ. ಎಷ್ಟೋ ಮಕ್ಕಳಿಗೆ ಅವಳು ಬಡಿಸುವ ಊಟವೇ ಊಟ.

ಇದರ ಮಧ್ಯೆ ಬಿತ್ತನೆ ಬಂತು. ಮಗನನ್ನು ರೈತ ಸಂಪರ್ಕ ಕೇಂದ್ರಕ್ಕೆ ಕಳಿಸುತ್ತ, "ರಾಗಿ ತಕಂಬಾ" ಅಂದಳು. ಅವರು ಔಷಧಿ ಬಳಿದ ಬಿತ್ತನೆ ರಾಗಿ ಕೊಟ್ಟರು. ಮೊಗಣ್ಣ ನೇರ ಮಿಲ್ಲಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬಂದ. ಹಿಟ್ಟು ಕೆಂಪಗಿತ್ತು.

"ಅದು ಬಿತ್ತಾದು ಕಣ್ಲಾ ದಡ್ಡ," ಅಂತ ಬೈದಳು ಜವರಮ್ಮ. "ಸರ್ಕಾರದೋರು ಕೊಟ್ಟಿದ್ನ ಮನೆಗೆ ತರಬ್ಯಾಡ. ನೇರ ಹೊಲಕ್ಕೆ ಹೋಗು, ಮಣ್ಣಲ್ಲಿ ಮುಚ್ಚು. ಗ್ಯಾನ ಐತಾ?"

"ಐತೆ ಕಣವ್ವ. ಹಂಗೇ ಮಾಡ್ತೀನಿ."

ಮುಂದಿನ ಸಲ ಕೇಂದ್ರದವರು ಅರ್ಧ ಬೆಲೆಗೆ ಟಾರ್ಪಾಲು ಕೊಟ್ಟರು. ಮೊಗಣ್ಣ ಹೊಲಕ್ಕೆ ಹೋಗಿ ಗುಂಡಿ ತೋಡಿ ಟಾರ್ಪಾಲು ಹೂತು, ಮೇಲೊಂದು ಚೊಂಬು ನೀರನ್ನೂ ಹಾಕಿ ಬಂದ.

"ಥೂ ನಿನ್ನ," ಅಂತ ಬೈದಳು ಜವರಮ್ಮ. "ಅಗೆದು ತೆಗಿ ಅದ್ನ. ಮೋಡ ಕಟ್ಟಿದ್ರೆ, ಹೊಲದಲ್ಲಿ ಸರ್ಕಾರದ ದುಡ್ಡಿಂದು ಏನೈತೋ ಅದರ ಮೇಲೆ ಹೊದ್ಸು. ನಡುಕ್ಕೆ ಗಳ ನಿಲ್ಸು, ಮೂಲೆಗೆ ಕಲ್ಲು ಮಡಗು. ಒಂದು ಹನಿ ಒಳಿಕ್ಕೆ ಹೋಗಬಾರ್ದು. ಗ್ಯಾನ ಐತಾ?"

"ಐತೆ ಕಣವ್ವ. ಹಂಗೇ ಮಾಡ್ತೀನಿ."

ಅವಳು ಹೇಳಿದ್ದು ಸಬ್ಸಿಡಿಯಲ್ಲಿ ತಂದು ಹೊಲದಲ್ಲಿಟ್ಟಿದ್ದ ಗೊಬ್ಬರದ ಮೂಟೆಯ ವಿಷಯ. ಆದರೆ ಹೊಲದಲ್ಲಿ ಮಳೆನೀರು ನಿಲ್ಲಿಸಲು ಸರ್ಕಾರದ ದುಡ್ಡಲ್ಲಿ ತೋಡಿಸಿದ ಕೃಷಿ ಹೊಂಡವೂ ಇತ್ತಲ್ಲ. ಮೂಟೆಗಿಂತ ಅದೇ ದೊಡ್ಡದು. ಮೊಗಣ್ಣ ನೀರು ಬರುವ ಕಾಲುವೆಯನ್ನೂ ಮುಚ್ಚಿ, ಹೊಂಡಕ್ಕೆ ಅಚ್ಚುಕಟ್ಟಾಗಿ ಟಾರ್ಪಾಲು ಹೊದಿಸಿದ. ಮಳೆ ಧೋ ಅಂತ ಸುರಿಯಿತು. ಗೊಬ್ಬರ ಕರಗಿಹೋಯಿತು, ಹೊಂಡ ಮಾತ್ರ ಒಣಗಿಯೇ ಇತ್ತು.

ಜವರಮ್ಮ ತಲೆ ಮೇಲೆ ಕೈಹೊತ್ತು ಕೂತಳು. "ನೀರು ಎಲ್ಲಿ ನಿಲ್ತದೋ ಅಲ್ಲಿ ಮ್ಯಾಗಡೆ ಏನೂ ಇರಬಾರ್ದು ಕಣ್ಲಾ. ಎಲ್ಲಾ ತೆಗ್ದಾಕು. ನೀರು ಹೊರಿಕ್ಕೆ ಹೋಗೋ ಕಡೆ ಮಣ್ಣು ಕಟ್ಟು. ಗ್ಯಾನ ಐತಾ?"

"ಐತೆ ಕಣವ್ವ. ಹಂಗೇ ಮಾಡ್ತೀನಿ."

ಅವತ್ತು ಭಾನುವಾರ. ಹೊಲಕ್ಕೆ ಹೋಗುವ ದಾರಿಯಲ್ಲೇ ಸ್ಕೂಲು. ಕಿಟಕಿಯಲ್ಲಿ ಇಣುಕಿದರೆ ಒಳಗೆ ನೀರು ನಿಂತಿದೆ. ಮೊಗಣ್ಣ ಮೇಲೆ ಹತ್ತಿ, ಒಂದೊಂದೇ ಹೆಂಚು ಇಳಿಸಿ ಗೋಡೆ ಪಕ್ಕ ಜೋಡಿಸಿದ. ಹೊಸ್ತಿಲಿಗೆ ಮೊಣಕಾಲುದ್ದ ಮಣ್ಣು ಕಟ್ಟಿದ. ರಾತ್ರಿಯೆಲ್ಲ ಮಳೆ ಸುರಿಯಿತು.

ಬೆಳಿಗ್ಗೆ ನೋಡಿದರೆ ಸ್ಕೂಲು ತುಂಬಿ ತುಳುಕುತ್ತಿದೆ. ಸಾಹೇಬರ ಜೀಪು ಆಗಲೇ ಊರ ಬಾಗಿಲಿಗೆ ಬಂದಿತ್ತು. ಮಕ್ಕಳು ನೆನೆಯುತ್ತ ನಿಂತಿದ್ದವು. ಜವರಮ್ಮನಿಗೆ ಅಳುವೇ ಬಂತು. "ಹಾಳಾಗೋಗು, ಮೊದ್ಲು ಮಕ್ಕಳನ್ನ ಎಲ್ಲಾದ್ರೂ ವಸಿ ಒಣಗಿರೋ ಕಡೆ ಕೂರ್ಸು."

ಊರಲ್ಲಿ ಒಣಗಿದ್ದ ಜಾಗ ಒಂದೇ, ಟಾರ್ಪಾಲು ಇನ್ನೂ ತೆಗೆಯದ ಹೊಂಡ. ಮೊಗಣ್ಣ ಮಕ್ಕಳನ್ನು ಹೊಂಡಕ್ಕಿಳಿಸಿದ, ಹಿಂದೆಯೇ ಮೇಷ್ಟ್ರೂ ಇಳಿದರು. ಸಾಹೇಬರು ಬಂದು ದಡದ ಮೇಲೆ ನಿಂತು ನೋಡಿದರು. ಮಕ್ಕಳಿದ್ದಾರೆ, ಮೇಷ್ಟ್ರಿದ್ದಾರೆ, ಅಂದ ಮೇಲೆ ಸ್ಕೂಲು ಇದೇ. ಕತ್ತೆತ್ತಿದರು. ಒಂದು ಹನಿ ಇಲ್ಲ.

"ಇಷ್ಟು ಬೆಚ್ಚಗಿರೋ ಸ್ಕೂಲನ್ನ ಯಾಕ್ರೀ ಮುಚ್ಚಬೇಕು? ರಿಪೇರಿನೂ ಬೇಕಿಲ್ಲ," ಅಂದರು. "ಸರಿ, ಪಟ್ಟಿಯಲ್ಲಿರೋ ಕೃಷಿ ಹೊಂಡ ಎಲ್ಲಿ?"

ಮೊಗಣ್ಣ ನೀರು ನಿಂತಿದ್ದನ್ನು ತೋರಿಸಿದ. ಕಿಟಕಿ ಇರುವ ಹೊಂಡವನ್ನು ಸಾಹೇಬರು ನೋಡಿರಲಿಲ್ಲ, ಆದರೂ ಮೆಚ್ಚಿಕೊಂಡರು. ಕೆಲವೇ ದಿನದಲ್ಲಿ ಮೀನುಗಾರಿಕೆಯವರು ಬಂದು ಅದರಲ್ಲಿ ಮೀನುಮರಿ ಬಿಟ್ಟರು.

ಜವರಮ್ಮ ಬೈಯುವುದನ್ನೇ ಬಿಟ್ಟಳು. ಸ್ಕೂಲು ಉಳಿಯಿತು, ಮಕ್ಕಳ ಊಟ ಉಳಿಯಿತು, ಅಷ್ಟು ಸಾಕು ಅಂದುಕೊಂಡಳು. ದಿನಾ ಅನ್ನ ಹೊತ್ತು ಹೊಂಡಕ್ಕಿಳಿದು ಬಡಿಸುತ್ತಿದ್ದವಳು ಒಂದು ದಿನ ಕಾಲು ಉಳುಕಿಸಿಕೊಂಡಳು. ಮಾರನೆಯ ದಿನ ಅಡುಗೆ ಮಾಡಿಟ್ಟು ಮಗನನ್ನು ಕರೆದಳು.

"ಇದ್ನ ಸ್ಕೂಲಿಗೆ ತಕಂಡೋಗಿ ಬಡ್ಸು ಮಗ. ಮೊಟ್ಟೆನೂ ಸುಲ್ದು ಕೊಡು. ಯಾರು ಬಾಯಿ ತಕ್ಕಂಡು ಬಂದ್ರೂ ಇಲ್ಲ ಅನ್ನಬ್ಯಾಡ. ಗ್ಯಾನ ಐತಾ?"

"ಐತೆ ಕಣವ್ವ. ಹಂಗೇ ಮಾಡ್ತೀನಿ."

ಬೇಗನೇ ಪಾತ್ರೆ ಖಾಲಿ ಮಾಡಿಕೊಂಡು ಬಂದ.

"ಎಲ್ರೂ ಉಂಡ್ರೇನ್ಲಾ?"

"ಉಂಡ್ರು ಕಣವ್ವ. ಕಿಟಕಿಲೇ ಹಾಕ್ದೆ. ಬಾಯಿ ತಕ್ಕಂಡು ಗುಂಪುಗುಂಪಾಗಿ ಬಂದ್ರು. ಒಬ್ರೂ ತಟ್ಟೆ ತಂದಿರ್ನಿಲ್ಲ."

ಹೊಂಡದ ಕಡೆಯಿಂದ ತಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ನಮ್ಮ ಕತೆ ಇಲ್ಲಿಗೆ ಬಂತು, ಆ ಮಕ್ಕಳಿಗೆ ಊಟ ಇನ್ನೂ ಬಂದಿಲ್ಲ.