ಕೂಣಿ ಏರಿ

ನಮ್ಮೂರ ಕೆರೆ ನೋಡಲು ಬಂದವರು "ಇಷ್ಟೇನಾ?" ಎಂದು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಹತ್ತು ಎಕರೆಯೂ ಇಲ್ಲದ ಪಂಚಾಯಿತಿಯ ಕೆರೆ ಇದು, ಯಾರಪ್ಪನ ಸ್ವತ್ತೂ ಅಲ್ಲ. ಬೇಸಿಗೆಯ ಕೊನೆಗೆ ಒಂದು ದಿನ, ಗೌಡ ಡೊಳ್ಳು ಬಡಿದೊಡನೆ, ಊರಿಗೆ ಊರೇ ಕೂಣಿ ಹಿಡಿದು ನೀರಿಗಿಳಿಯುತ್ತದೆ. ಕೂಣಿಯೆಂದರೆ ಮೀನಿನ ಮೇಲೆ ಕವುಚಿ ಹಿಡಿಯುವ ಬಿದಿರಿನ ಬುಟ್ಟಿ. ಆದರೆ ಕೆರೆಯ ಏರಿಗೆ ಕೂಣಿ ಏರಿ ಎಂಬ ಹೆಸರು ಬಂದದ್ದು ಒಂದೇ ಒಂದು ಮೀನನ್ನೂ ಹಿಡಿಯದ ವರ್ಷ.

ಹಿಂದೆ ಒಮ್ಮೆ, ಮೀನುಬೇಟೆಗೆ ವಾರವಿದೆಯೆನ್ನುವಾಗ ಅಕಾಲದ ಮಳೆ ಸುರಿದು ಕೆರೆ ತುಂಬಿತಂತೆ. ಬೇಟೆ ಕೆಟ್ಟಿತೆಂದು ಜನ ತಲೆಯ ಮೇಲೆ ಕೈ ಹೊತ್ತರು. ಬೇಟೆಯ ದಿನ ಬೆಳಗ್ಗೆ ನೋಡಿದರೆ ನೀರು ಎದೆಮಟ್ಟಕ್ಕೆ ಇಳಿದಿತ್ತು! ಕೆರೆಯಮ್ಮನೇ ದಾರಿ ಮಾಡಿಕೊಟ್ಟಳೆಂದು ಕುಣಿದಾಡಿದರು. ತೂಬು ಮುಚ್ಚಿರುವಾಗ ನೀರು ಹೋದದ್ದಾದರೂ ಎಲ್ಲಿಗೆ ಎಂದು ಒಬ್ಬ ಮಹಾರಾಯನಿಗೂ ಹೊಳೆಯಲಿಲ್ಲ. ಮೀನಿನಾಸೆ ಅಂಥದ್ದು. ಹೊಳೆದದ್ದು ಬೆಸ್ತರ ಬರಮವ್ವನಿಗೆ. ದಡದಲ್ಲಿ ನಿಂತು ನೋಡುತ್ತಾಳೆ: ಸಾವಿರಾರು ಮೀನುಗಳು ಏರಿಯ ಬುಡದ ಒಂದೇ ಜಾಗಕ್ಕೆ ಬಾಲ ಮಾಡಿ, ಸಾಲುಗಟ್ಟಿ, ಎದುರೀಜುತ್ತಿವೆ. ಮೀನು ಎದುರೀಜುವುದು ಹರಿವ ನೀರಿನಲ್ಲಿ. ನಿಂತ ಕೆರೆಯಲ್ಲಿ ಹರಿವು ಎಲ್ಲಿಂದ ಬಂತು?

"ಗೌಡ್ರೇ, ಡೊಳ್ಳು ಬಡೀಬ್ಯಾಡ್ರಿ! ಏರಿ ತೂತು ಬಿದ್ದೈತಿ. ಕೆಳಗಿನ ಕೇರ್ಯಾಗ ನನ್ನ ಮಗಳು ಎಂಟು ದಿನದ ಬಾಣಂತಿ ಮಲಗ್ಯಾಳ" ಎಂದು ಆಕೆ ಕೂಗಿಕೊಂಡಳು. ಊರ ಗೌಡ ಹೊಳೆಲಿಂಗಪ್ಪ, "ಸುಮ್ಕಿರವ್ವಾ, ಒಳ್ಳೇ ಹೊತ್ನಾಗ ಅಪಶಕುನ ನುಡೀಬ್ಯಾಡ" ಎಂದು ಗದರಿದ. ಬರಮವ್ವ ತನ್ನ ಕೂಣಿಗೆ ಹುಲ್ಲು, ಜೇಡಿಮಣ್ಣು ತುರುಕಿ, ಆ ಜಾಗದಲ್ಲಿ ಮುಳುಗಿದಳು. ಕೂಣಿಯನ್ನು ನೀರು ಆಕೆಯ ಕೈಯಿಂದಲೇ ಕಿತ್ತು ಒಳಗೆಳೆದುಕೊಂಡಿತು. ಅದನ್ನು ಕಂಡ ಗೌಡ ಡೊಳ್ಳಿನ ಕೋಲು ಬಿಸಾಡಿ ಓಡಿದ. ಎರಡನೆಯ ಕೂಣಿ ಅವನದೇ. ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ತಿಂಗಳುಗಟ್ಟಲೆ ಕೂತು ಹೆಣೆದ ಕೂಣಿಗಳೆಲ್ಲ ಮಣ್ಣು ತುಂಬಿಕೊಂಡು ಏರಿಯೊಳಗೆ ಹೋದವು.

ಮಧ್ಯಾಹ್ನಕ್ಕೆ ನೀರು ಸೋರುವುದು ನಿಂತಿತು. ಎದುರೀಜುತ್ತಿದ್ದ ಮೀನುಗಳೆಲ್ಲ ಒಮ್ಮೆಲೇ ಚದುರಿ, ನಿಂತವರ ಕಾಲುಗಳನ್ನು ಸವರಿಕೊಂಡು ಹೋದವಂತೆ. ಬರಿಗೈಯಲ್ಲೇ ಬಾಚಬಹುದಿತ್ತು, ಒಬ್ಬರೂ ಬಗ್ಗಲಿಲ್ಲ ಎನ್ನುತ್ತಾರೆ. ಅಷ್ಟರಲ್ಲಿ ಕೆಳಗಿನ ಕೇರಿಯಿಂದ ಕೂಸಿನ ಅಳು ಕೇಳಿಸಿತಂತೆ.

ಕೂಣಿಗಳು ಒಳಗೆ ಹೋದ ಜಾಗದಲ್ಲಿ, ಏರಿಯ ನಡುವೆ, ಈಗಲೂ ಒಂದು ದಿಬ್ಬವಿದೆ. ಮೀನುಬೇಟೆಯ ದಿನ ಬಂದರೆ ನೋಡಿ: ಆ ವರ್ಷ ಕೂಸು ಹುಟ್ಟಿದ ಮನೆಯವರು ನೀರಿಗಿಳಿಯುವುದಿಲ್ಲ. ಹೊಸ ಕೂಣಿಯೊಂದನ್ನು ದಿಬ್ಬದ ಮೇಲಿಟ್ಟು, ಕೂಸನ್ನೆತ್ತಿಕೊಂಡು ದಡದಲ್ಲಿ ನಿಲ್ಲುತ್ತಾರೆ. ಅವರ ಪಾಲಿನ ಮೀನನ್ನು ಊರೇ ಹಿಡಿದು ತಂದು ಕೊಡುತ್ತದೆ.