ಹೋಗುವಷ್ಟೇ ಓಡುವ ಕಾರು

“ಗುರುಗಳೇ, ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಚನ್ನಮಲ್ಲ ಎಂಬ ಆ ಶಿಷ್ಯನಿಗೆ ಐವತ್ತು ದಾಟಿತ್ತು. ಸುತ್ತಲಿನ ಊರುಗಳಲ್ಲಿ ಹಾಸಿಗೆ ಹಿಡಿದವರನ್ನು ಕಂಡು, ಮಾತಾಡಿಸಿ ಬರುವುದು ಮಠದಲ್ಲಿ ಅವನ ಪಾಲಿನ ಕೆಲಸ. “ಮೊದಲು ದಿನಕ್ಕೆ ಹತ್ತು ಮನೆ ಮುಗಿಸುತ್ತಿದ್ದೆ. ಈಗ ಮೂರಕ್ಕೇ ಸೋತುಹೋಗುತ್ತೇನೆ. ಮೊದಲಿನ ಬಲ ಬರುವ ತನಕ ಹೋಗುವುದನ್ನೇ ನಿಲ್ಲಿಸಲೇ ಎಂದು ಯೋಚಿಸುತ್ತಿದ್ದೇನೆ” ಎಂದ.

ಗುರು ಅವನನ್ನು ಕೂರಲು ಹೇಳಿ ಕತೆ ಆರಂಭಿಸಿದರು.

ಒಂದು ಊರಿನಲ್ಲಿ ಪಂಪಣ್ಣ ಎಂಬ ಪಾತ್ರೆ ವ್ಯಾಪಾರಿ ಇದ್ದ. ಆ ಊರಿಗೆ ಮೊದಲು ಬ್ಯಾಟರಿ ಕಾರು ತಂದವನು ಅವನೇ. ತಂದ ದಿನ ಜನ ಸುತ್ತ ನಿಂತು, ಇದಕ್ಕೆ ಪೆಟ್ರೋಲು ಎಲ್ಲಿ ಹಾಕುತ್ತಾರೆ ಎಂದು ಹುಡುಕಿದ್ದರು. ಒಮ್ಮೆ ಚಾರ್ಜ್ ಮಾಡಿದರೆ ನೂರಾ ಮೂವತ್ತು ಕಿಲೋಮೀಟರ್ ಓಡುತ್ತಿತ್ತು. ಪಂಪಣ್ಣ ಅದನ್ನು ಮಗುವಿನಂತೆ ಸಾಕಿದ. ಬಿಸಿಲಿಗೆ ನಿಲ್ಲಿಸುತ್ತಿರಲಿಲ್ಲ, ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ.

ಅವನ ಅಕ್ಕ ಹಂಪಮ್ಮ ಐವತ್ತೆರಡು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಮಗಳು ಅಳಿಯನ ಜೊತೆ ಇದ್ದಳು. ಪಂಪಣ್ಣನಿಗೆ ಮೂರು ವರ್ಷವಾಗಿದ್ದಾಗ ಅವರ ತಾಯಿ ತೀರಿಕೊಂಡಿದ್ದಳು. ಆಗ ಅಕ್ಕನಿಗೆ ಹದಿನಾಲ್ಕು. ಅಂದಿನಿಂದ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು ಅವಳು. ಶಾಲೆಗೆ ಸೇರಿಸಿದವಳೂ ಅವಳೇ. ಪಂಪಣ್ಣ ದೊಡ್ಡವನಾಗಿ ಅಂಗಡಿ ಹಾಕಿ ನಾಲ್ಕು ಜನರಂತಾದ ಮೇಲೂ ಅಕ್ಕನನ್ನು ಮರೆಯಲಿಲ್ಲ. ತಿಂಗಳಿಗೆ ಎರಡು ಭಾನುವಾರ ಕಾರು ತೆಗೆದುಕೊಂಡು ಹೋಗುತ್ತಿದ್ದ. ಹಣ್ಣು ಅವಳ ಮುಂದಿಟ್ಟು, ಚಹಾ ಕುಡಿದು, ಅರ್ಧ ಗಂಟೆಯಲ್ಲಿ ಹೊರಡುತ್ತಿದ್ದ.

“ಕೂತ ಹಾಗೂ ಆಗಲಿಲ್ಲವಲ್ಲೋ ತಮ್ಮಾ” ಎನ್ನುತ್ತಿದ್ದಳು ಅಕ್ಕ.

“ಮುಂದಿನ ಸಲ ಕೂರುತ್ತೇನಕ್ಕಾ” ಎನ್ನುತ್ತಿದ್ದ ಅವನು.

ಹೋಗಿ ಬಂದರೆ ನೂರಾ ನಾಲ್ಕು ಕಿಲೋಮೀಟರ್. ಕಾರಿಗೆ ಅದೊಂದು ಲೆಕ್ಕವೇ ಆಗಿರಲಿಲ್ಲ.

ವರ್ಷಗಳು ಕಳೆದವು. ಬ್ಯಾಟರಿ ಸವೆಯಿತು. ನೂರಾ ಮೂವತ್ತು ಓಡುತ್ತಿದ್ದದ್ದು ನೂರಾ ಹತ್ತಾಯಿತು. ಆಮೇಲೊಂದು ಬೇಸಿಗೆಯಲ್ಲಿ, ಅಕ್ಕನ ಊರಿನಿಂದ ಬರುವಾಗ ಮನೆ ಇನ್ನೂ ಎಂಟು ಕಿಲೋಮೀಟರ್ ಇದೆ ಎನ್ನುವಾಗ ಕಾರು ನಿಂತೇಬಿಟ್ಟಿತು. ಪಂಪಣ್ಣ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಊರ ಜನ ನೋಡಿದರು. ಅದಾದ ಮೇಲೆ ಬೇರೆಯವರ ಗಾಡಿಯಲ್ಲಿ ಅವನು ಅಕ್ಕನ ಊರಿಗೆ ಹೋಗುವುದು ತಿಂಗಳಿಗೆ ಒಂದಾಯಿತು, ಎರಡು ತಿಂಗಳಿಗೆ ಒಂದಾಯಿತು, ಕೊನೆಗೆ ನಿಂತೇಹೋಯಿತು. ಒಂಬತ್ತನೆಯ ವರ್ಷಕ್ಕೆ ಕಾರು ಎಪ್ಪತ್ತೇ ಕಿಲೋಮೀಟರ್ ಓಡುತ್ತಿತ್ತು. ಅಷ್ಟರಲ್ಲಿ ಅವನು ಅಕ್ಕನ ಮುಖ ನೋಡಿ ಎಂಟು ತಿಂಗಳಾಗಿತ್ತು.

ಹೊಸ ಬ್ಯಾಟರಿ ಹಾಕಿಸುವುದೋ ಬೇಡವೋ ಎಂದು ಪಂಪಣ್ಣ ಕಂಡಕಂಡವರನ್ನೆಲ್ಲ ಕೇಳಿದ. “ಹಾಕಿಸಿಬಿಡು, ಕಾರು ಹೊಸದಾಗುತ್ತದೆ” ಎಂದರು ಕೆಲವರು. “ಮುದಿ ಎತ್ತಿನ ಕೋಡಿಗೆ ಬೆಳ್ಳಿಯ ಅಣಸು ಯಾಕೆ?” ಎಂದರು ಇನ್ನು ಕೆಲವರು. ಇಬ್ಬರ ಮಾತೂ ಅವನಿಗೆ ಸರಿ ಎನಿಸುತ್ತಿತ್ತು. ಈ ತಿಂಗಳು ಬೇಡ, ಮುಂದಿನ ತಿಂಗಳು ನೋಡೋಣ ಎಂದುಕೊಳ್ಳುತ್ತಿದ್ದ. “ಬ್ಯಾಟರಿ ಒಂದು ತೀರ್ಮಾನವಾಗಲಿ, ಆದ ಕೂಡಲೇ ಅಕ್ಕನನ್ನು ನೋಡಿ ಬರುತ್ತೇನೆ” ಎಂದು ಮನೆಯಲ್ಲಿ ಹೇಳುತ್ತಿದ್ದ.

ಹೆಂಡತಿ ಶರಣಮ್ಮ ಇದನ್ನು ಎಂಟು ತಿಂಗಳು ಕೇಳಿದಳು. ಒಂದು ದಿನ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, “ಬಸ್ಸಿಗೂ ಹೊಸ ಬ್ಯಾಟರಿ ಹಾಕಿಸಬೇಕೇನ್ರೀ?” ಎಂದಳು.

ಬ್ಯಾಟರಿ ಬರೀ ನೆಪ ಎಂದು ಪಂಪಣ್ಣನಿಗೂ ಗೊತ್ತಿತ್ತು. ಎಂಟು ತಿಂಗಳ ಹಿಂದೆ ಅವನು ಹೋದಾಗ ಅಕ್ಕ ಅವನ ಗುರುತು ಹಿಡಿದಿರಲಿಲ್ಲ. ಅವಳಿಗೆ ನೆನಪು ಕೈಕೊಡುತ್ತಿದೆ ಎಂದು ಸೊಸೆ ಗಿರಿಜೆ, ಅಂದರೆ ಅಕ್ಕನ ಮಗಳು, ಮೊದಲೇ ಹೇಳಿದ್ದಳು. ಆದರೂ ತನ್ನನ್ನು ಮರೆಯುತ್ತಾಳೆ ಎಂದು ಅವನು ಎಣಿಸಿರಲಿಲ್ಲ. ಅಕ್ಕ ಅವನನ್ನು ಕರೆಂಟ್ ಬಿಲ್ಲಿನವನು ಎಂದುಕೊಂಡಳು. “ಮೀಟರು ಹೊರಗಿದೆ, ನೋಡಿಕೊಂಡು ಹೋಗಪ್ಪ” ಎಂದಳು. ಗಿರಿಜೆ ನಕ್ಕು ಸಮಾಧಾನ ಮಾಡಿದಳು. ಪಂಪಣ್ಣನೂ ನಕ್ಕ. ಚಹಾ ಆರುವ ಮುಂಚೆಯೇ ಎದ್ದು ಹೊರಟ. ದಾರಿಯುದ್ದಕ್ಕೂ ಅವನ ಕಣ್ಣು ಮಂಜಾಗಿತ್ತು.

ಹೆಂಡತಿಯ ಮಾತು ಚುಚ್ಚಿದ್ದರಿಂದ ಅವನು ಅಂದೇ ಕಾರನ್ನು ಖಾದರ್‌ಸಾಬನ ಬಳಿ ತೆಗೆದುಕೊಂಡು ಹೋದ. ಖಾದರ್‌ಸಾಬ ಒಂದು ಕಾಲಕ್ಕೆ ಪಂಪ್‌ಸೆಟ್ಟಿನ ಮೋಟರಿಗೆ ತಂತಿ ಸುತ್ತುತ್ತಿದ್ದವನು. ಈಗ ಇಂಥ ಕಾರುಗಳನ್ನೂ ನೋಡುತ್ತಿದ್ದ. ಬ್ಯಾಟರಿಯನ್ನು ಅರ್ಧ ದಿನ ಪರೀಕ್ಷೆ ಮಾಡಿದ.

“ಸಾವಕಾರ್ರೇ, ಬ್ಯಾಟರಿ ಮುದಿಯಾಗಿದೆ, ಸತ್ತಿಲ್ಲ. ಎಪ್ಪತ್ತು ಓಡುತ್ತದೆ. ನಿಮಗೆ ಎಲ್ಲಿಗೆ ಹೋಗಬೇಕು?” ಎಂದ.

“ಊರೊಳಗೆ ಏನೂ ತೊಂದರೆ ಇಲ್ಲ. ಅಕ್ಕನ ಊರಿಗೆ ಹೋಗಬೇಕು. ಐವತ್ತೆರಡು.”

“ಹಾಗಾದರೆ ಹೋಗುತ್ತದಲ್ಲ?”

“ಬರಬೇಕಲ್ಲ ಮಾರಾಯ!”

“ಅಲ್ಲಿ ಕರೆಂಟಿಲ್ಲವೇ?”

“ಇದೆ. ಮನೆಯ ಪ್ಲಗ್ಗಿಗೆ ಹಾಕಿದರೆ ಏಳು ತಾಸು ಹಿಡಿಯುತ್ತದೆ. ಏಳು ತಾಸು ನಾನು ಅಲ್ಲಿ ಕೂತು ಏನು ಮಾಡಲಿ?”

ಖಾದರ್‌ಸಾಬ ಕೈ ಒರೆಸಿಕೊಂಡ. “ಅದು ನನಗೆ ಹೇಗೆ ಗೊತ್ತಾಗಬೇಕು? ಅಕ್ಕ ನಿಮ್ಮವರು” ಎಂದು ಕಾರಿನ ಬಾನೆಟ್ಟು ಮುಚ್ಚಿದ.

ಪಂಪಣ್ಣ ಆಗಲೂ ಹೋಗಲಿಲ್ಲ. ನಾಲ್ಕು ದಿನದ ಮೇಲೆ ಗಿರಿಜೆಯ ಫೋನು ಬಂತು.

“ಮಾವ, ಅವ್ವ ಮಧ್ಯಾಹ್ನ ಊಟ ಬಿಟ್ಟಿದ್ದಾಳೆ. ತಮ್ಮ ಶಾಲೆಯಿಂದ ಬಂದಿಲ್ಲ, ಅವನನ್ನು ಬಿಟ್ಟು ಹೇಗೆ ಉಣ್ಣಲಿ ಅನ್ನುತ್ತಾಳೆ. ಹೊತ್ತು ಮುಳುಗುವ ತನಕ ಬಾಗಿಲಲ್ಲೇ ಕೂರುತ್ತಾಳೆ. ಬಹಳ ಇಳಿದುಹೋಗಿದ್ದಾಳೆ.”

ಮರುದಿನ ಬೆಳಿಗ್ಗೆ ಪಂಪಣ್ಣ ಯಾರನ್ನೂ ಏನನ್ನೂ ಕೇಳದೆ ಹೊರಟ. ಎ.ಸಿ. ಹಾಕಲಿಲ್ಲ, ನಲವತ್ತರ ಮೇಲೆ ಓಡಿಸಲಿಲ್ಲ. ಒಂಬತ್ತೂವರೆಗೆ ಅಕ್ಕನ ಬಾಗಿಲಲ್ಲಿ ನಿಂತಾಗ ಕಾರಿನಲ್ಲಿ ಹದಿನಾರು ಕಿಲೋಮೀಟರಿನಷ್ಟು ಮಾತ್ರ ಉಳಿದಿತ್ತು. ಗಿರಿಜೆಯ ಗಂಡ ಒಳಗಿನಿಂದ ವೈರು ಎಳೆದು ಕಾರಿಗೆ ಚುಚ್ಚಿದ.

ಅಕ್ಕ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ವೈರು ನೋಡಿದಳು, ಪಂಪಣ್ಣನನ್ನು ನೋಡಿದಳು. “ಕರೆಂಟಿನವನು ಬಂದ. ಹೋದ ಸಲ ಬಿಲ್ಲು ಜಾಸ್ತಿ ಬರೆದಿದ್ದೆ ನೀನು” ಎಂದಳು.

ಬೇರೆ ದಿನವಾಗಿದ್ದರೆ ಪಂಪಣ್ಣ ನಿಂತ ಕಾಲಲ್ಲೇ ಹೊರಡುತ್ತಿದ್ದ. ಇಂದು ಹೊರಡುವ ಹಾಗಿರಲಿಲ್ಲ. “ಈ ಸಲ ಸರಿಯಾಗಿ ನೋಡುತ್ತೇನೆ” ಎಂದು ಅವಳೆದುರು ಕೂತ.

ಮೊದಲ ತಾಸು ಅಂಗಡಿಗೆ ಫೋನು ಮಾಡುತ್ತ ಕಳೆದ. ಎರಡನೆಯ ತಾಸಿಗೆ ಮಾಡಬೇಕಾದ ಫೋನುಗಳೆಲ್ಲ ಮುಗಿದವು. ಎರಡು ಸಲ ಹೊರಗೆ ಹೋಗಿ ಕಾರು ಎಷ್ಟು ತುಂಬಿದೆ ಎಂದು ನೋಡಿದ. ಕರೆಂಟು ಹೋಗಿತ್ತು. ಬರಲು ಮುಕ್ಕಾಲು ತಾಸು ಹಿಡಿಯಿತು. ಮೂರನೆಯ ತಾಸಿಗೆ ಬೇರೇನೂ ತೋಚದೆ ಅಕ್ಕನ ಮೊರದಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದ. “ಸಿಪ್ಪೆಯಲ್ಲಿ ಕಾಳು ಬಿಡುತ್ತೀಯಲ್ಲ, ಯಾರು ಕಲಿಸಿದರು ನಿನಗೆ?” ಎಂದು ಅಕ್ಕ ಅವನ ಕೈಗೆ ಒಂದು ಏಟು ಕೊಟ್ಟಳು. ಅವನು ಮತ್ತೆ ಮೊದಲಿನಿಂದ ಸುಲಿದ. ಹಾಗೆ ಇಬ್ಬರೂ ಒಂದು ಮೊರ ಮುಗಿಸಿದರು.

ಮಧ್ಯಾಹ್ನವಾಯಿತು. ಗಿರಿಜೆ ತಟ್ಟೆ ಹಾಕಿದಳು. ಅಕ್ಕ ತಟ್ಟೆಯತ್ತ ನೋಡದೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋಗಿ ಹೊಸ್ತಿಲ ಬಳಿ ಕೂತಳು. ಪಂಪಣ್ಣನೂ ಹೋಗಿ ಪಕ್ಕದಲ್ಲಿ ಕೂತ.

“ಯಾರ ದಾರಿ ಕಾಯುತ್ತಿದ್ದೀರಿ?” ಎಂದು ಕೇಳಿದ. ಜೀವಮಾನದಲ್ಲಿ ಮೊದಲ ಸಲ ಅಕ್ಕನಿಗೆ ಬಹುವಚನ ಹಚ್ಚಿದ್ದ.

“ನನ್ನ ತಮ್ಮ. ಲೆಕ್ಕದಲ್ಲಿ ಸ್ವಲ್ಪ ಮಂದ. ಮಾಸ್ತರರು ಹೊಡೆಯುತ್ತಾರೆ. ಹೊಡೆಸಿಕೊಂಡ ದಿನ ಮನೆಗೆ ಬೇಗ ಬರುವುದಿಲ್ಲ, ಹುಣಸೆ ಮರದ ಹಿಂದೆ ಅಡಗಿರುತ್ತಾನೆ. ಅತ್ತು ಮುಗಿಸಿ ಬರಲಿ ಎಂದು ನಾನೂ ಕರೆಯಲು ಹೋಗುವುದಿಲ್ಲ.”

ಪಂಪಣ್ಣ ಬೆರಗಾದ. ಆ ಹುಣಸೆ ಮರದ ಸಂಗತಿ ತನ್ನೊಬ್ಬನಿಗೇ ಗೊತ್ತು ಎಂದು ಅವನು ಐವತ್ತು ವರ್ಷ ನಂಬಿದ್ದ.

ಅಕ್ಕ ಮುಂದುವರಿಸಿದಳು. ಹೇಳುವುದಕ್ಕೆ ಅವಳಿಗೆ ಬಹಳ ಇತ್ತು. ತಮ್ಮನಿಗೆ ದಡಾರ ಆದದ್ದು ಹೇಳಿದಳು. ಅವನು ಮೊದಲು ಬರೆದ ಅಕ್ಷರ ಯಾವುದು ಎಂದು ಹೇಳಿದಳು. ಆಮೇಲೆ ದನಿ ಇಳಿಸಿದಳು.

“ನನಗೆ ಒಂದು ಒಳ್ಳೆಯ ಗಂಡು ಬಂದಿತ್ತಪ್ಪ. ನೀರಾವರಿ ಹೊಲ ಇತ್ತು ಅವರಿಗೆ. ಹುಡುಗನನ್ನು ಬಿಟ್ಟು ಬಾ ಎಂದರು. ನಾನು ಅವನನ್ನು ಬಿಟ್ಟು ಬಾವಿಗೂ ಹೋದವಳಲ್ಲ. ನೀವೇ ಬೇಡ ಎಂದೆ. ಆಮೇಲೆ ಆರು ವರ್ಷ ಯಾರೂ ಕೇಳಲಿಲ್ಲ. ಇದು ನನ್ನ ತಮ್ಮನಿಗೆ ಗೊತ್ತಿಲ್ಲ. ನೀನು ಊರೂರು ತಿರುಗುವವನು. ಅವನು ಸಿಕ್ಕರೆ ಹೇಳಬೇಡ, ನೊಂದುಕೊಳ್ಳುತ್ತಾನೆ.”

“ಹೇಳುವುದಿಲ್ಲ” ಎಂದ ಪಂಪಣ್ಣ.

ಇಬ್ಬರೂ ದಾರಿ ನೋಡುತ್ತ ಕೂತರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಅಕ್ಕ ಅವನ ಕಡೆ ತಿರುಗಿದಳು. ಅವನ ಮುಖವನ್ನು, ಕೈಯನ್ನು, ಉಗುರಿಗೆ ಮೆತ್ತಿದ್ದ ಶೇಂಗಾ ಸಿಪ್ಪೆಯ ಮಣ್ಣನ್ನು ಬಹಳ ಹೊತ್ತು ನೋಡಿದಳು.

“ಬೆಳಗಿನಿಂದ ಕೂತಿದ್ದೀಯ. ಕರೆಂಟಿನವನು ಇಷ್ಟು ಹೊತ್ತು ಕೂರುವುದಿಲ್ಲ” ಎಂದಳು. “ಯಾರೋ ತಿಳಿಯದು. ಆದರೆ ನೀನು ನಮ್ಮವನೇ ಇರಬೇಕು. ಏಳು, ಹಸಿದಿದ್ದೀಯ. ಉಣ್ಣೋಣ.”

ಗಿರಿಜೆ ಓಡಿ ರೊಟ್ಟಿ ಬಿಸಿ ಮಾಡಿದಳು. ಅಕ್ಕ ಒಂದು ರೊಟ್ಟಿ ಪೂರ್ತಿ ಉಂಡಳು. ಪಂಪಣ್ಣನ ತಟ್ಟೆಗೆ ತಾನೇ ಕೈಯಾರೆ ಬೆಣ್ಣೆ ಹಾಕಿದಳು. ಅವನು ಬೇಡ ಎನ್ನಲಿಲ್ಲ.

ಸಂಜೆ ಐದಕ್ಕೆ ಗಿರಿಜೆಯ ಗಂಡ ಬಂದು, “ಮಾವ, ಕಾರು ತುಂಬಿದೆ” ಎಂದ. ಪಂಪಣ್ಣ ಕೂತೇ ಇದ್ದ. ಬಂದವನು ಇನ್ನೊಮ್ಮೆ ಹೇಳಬೇಕಾಯಿತು.

ಆ ವರ್ಷ ಪಂಪಣ್ಣ ಹೊಸ ಬ್ಯಾಟರಿ ಹಾಕಿಸಲಿಲ್ಲ. ಪ್ರತಿ ಭಾನುವಾರ ಹೋದ, ಕಾರು ತುಂಬುವ ತನಕ ಕೂತ. ಕೆಲವು ಸಲ ಶರಣಮ್ಮನೂ ಬಂದಳು. ಅಕ್ಕನಿಗೆ ಅವನು ಒಂದು ದಿನ ಕರೆಂಟಿನವನಾದ, ಒಂದು ದಿನ ಬಳೆಗಾರನಾದ. ಒಂದೆರಡು ಸಲ ತಮ್ಮನೂ ಆದ. ಯಾರೇ ಆದರೂ ಮಧ್ಯಾಹ್ನ ಅವನ ಜೊತೆ ಕೂತು ಉಂಡಳು. ಭಾನುವಾರ ಉಂಡವಳು ಮೆಲ್ಲಮೆಲ್ಲನೆ ಉಳಿದ ದಿನಗಳಲ್ಲೂ ಉಣ್ಣತೊಡಗಿದಳು. ಗಿರಿಜೆಯ ಮುಖದಲ್ಲಿ ಗೆಲುವು ಬಂತು.

ಮತ್ತೊಂದು ವರ್ಷ ಕಳೆದು ಬ್ಯಾಟರಿ ಐವತ್ತಕ್ಕೆ ಇಳಿಯಿತು. ಅಂದರೆ ಅಕ್ಕನ ಊರು ಮುಟ್ಟಲು ಎರಡು ಕಿಲೋಮೀಟರ್ ಕಡಿಮೆ. ಪಂಪಣ್ಣ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಅಂದೇ ಖಾದರ್‌ಸಾಬನ ಬಳಿ ಹೋಗಿ ಹೊಸ ಬ್ಯಾಟರಿ ಹಾಕಿಸಿದ. ಕಾರು ಮತ್ತೆ ನೂರಾ ಮೂವತ್ತು ಓಡತೊಡಗಿತು.

ಆ ಭಾನುವಾರ ಅಕ್ಕನ ಮನೆ ಮುಂದೆ ಇಳಿದು ಅವನು ತಾನೇ ವೈರು ಎಳೆದುಕೊಂಡು ಬಂದ. ಗಿರಿಜೆ ಕಾರಿನೊಳಗೆ ಇಣುಕಿ ನೋಡಿದಳು.

“ಮಾವ, ಇನ್ನೂ ಎಪ್ಪತ್ತೆಂಟು ಉಳಿದಿದೆಯಲ್ಲ. ಆರಾಮಾಗಿ ವಾಪಸ್ಸು ಮುಟ್ಟುತ್ತೀರಿ.”

“ಇರಲಿ, ಹಾಕು” ಎಂದು ಪಂಪಣ್ಣ ಒಳಗೆ ಹೋದ.

ಗುರು ಕತೆ ಮುಗಿಸಿದರು. ಚನ್ನಮಲ್ಲ ಸ್ವಲ್ಪ ಹೊತ್ತು ತಲೆದೂಗಿದ. ಆಮೇಲೆ, “ಕತೆ ಹಿಡಿಸಿತು ಗುರುಗಳೇ. ಆದರೆ ಆ ವ್ಯಾಪಾರಿಗೆ ಹೊಸ ಬ್ಯಾಟರಿಯಾದರೂ ಸಿಕ್ಕಿತು. ನನಗೆ ಎಷ್ಟು ಶಕ್ತಿ ಬಂದರೆ ಈ ಕೆಲಸಕ್ಕೆ ಸಾಕಾದೀತು, ಅದನ್ನಾದರೂ ಹೇಳಿ” ಎಂದ.

ಗುರು ಹೇಳಿದರು: “ಮರಳಿ ಬರುವುದಕ್ಕೆಂದು ಅರ್ಧ ಎತ್ತಿಟ್ಟುಕೊಂಡೇ ಹೊರಡುವವನಿಗೆ, ಮಗೂ, ಎಷ್ಟಿದ್ದರೆ ಸಾಕಾದೀತು?”

ಶಿಷ್ಯ ಎದ್ದು, ಆ ದಿನದ ಮೊದಲ ಮನೆಯ ಕಡೆ ಹೊರಟ.