ಡೋಂಗ್ರಿಸಾಬ ಬಜಾರಿನಾಗ ಬಿಚ್ಚಿದ ಡಬ್ಬಿ

ಭಾಳ ಹಿಂದಿನ ಮಾತು. ಒಂದೂರಾಗ ಡೋಂಗ್ರಿಸಾಬ ಅಂತ ಒಬ್ಬ ರಿಪೇರಿಯಂವ ಇದ್ದ. ರೇಡಿಯೋ, ಟೇಪು, ಸ್ಪೀಕರ್ ಏನ ಕೆಟ್ಟರೂ ಅವನ ಮುಂದ ತಂದು ಇಡ್ತಿದ್ರು. ಡಬ್ಬಿ ಮ್ಯಾಲ ಅಂಗೈ ಇಟ್ಟು ಅದರ ರೋಗ ಹೇಳ್ತಿದ್ದ ಅಂತಾರ. ಅವನ ಹೆಜ್ಜಿ ಸಪ್ಪಳ ಕೇಳಿದ್ರ ಸತ್ತ ಸ್ಪೀಕರ್ ಹಾಡತಿದ್ವು ಅಂತನೂ ಅಂತಾರ. ಅದು ಸುಳ್ಳು. ನಾ ಈಗ ಹೇಳೂದು ಸುಳ್ಳಲ್ಲ, ಸುಮ್ಮನ ಕೇಳ್ರಿ.

ಆ ಊರಾಗ ತಿಪ್ಪವ್ವ ಅಂತ ಒಬ್ಬ ಮುದುಕಿ. ಅಕಿ ಗಂಡ ಯಂಕಪ್ಪ ಭಜನಿ ಮೇಳದಾಗ ತಾಳ ಹಾಕತಿದ್ದ, ತೀರಿಕೊಂಡು ಭಾಳ ವರ್ಷ ಆಗಿತ್ತು. ಮೇಳದ್ದು ಒಂದು ಕ್ಯಾಸೆಟ್ ಉಳದಿತ್ತು. ದಿನಾ ಮುಂಜಾನಿ ಕಸ ಹೊಡದು ಅಕಿ ಅದನ್ನ ಹಚ್ಚತಿದ್ಲು. ಒಂದಿನ ಪೇಟಿ ಬಂತು, ತಬಲಾ ಬಂತು, ತಾಳ ಬರಲಿಲ್ಲ. ಹಾಡು ಚೊಲೋನ ಐತಲ್ಲ ಅಂದ್ರು ಮಂದಿ. ಇದರಾಗ ನಮ್ಮವರಿಲ್ಲ ಅಂದ್ಲು ತಿಪ್ಪವ್ವ.

ಟೇಪಿನ ಎರಡೂ ಸ್ಪೀಕರ್ ಡಬ್ಬಿ ಹೊರಿಸಿಕೊಂಡು ಅಂದಾನೆಪ್ಪ ಸಾವಕಾರನ ಅಂಗಡಿಗೆ ಹೋದ್ಲು. ಊರಿಗೆಲ್ಲ ಟೇಪು ಮಾರಾಂವ ಅವನ. ಒಂದು ವಾರ ಇಟಗೊಂಡ. ಆಮ್ಯಾಲ, ಬಿಚ್ಚಿ ನೋಡೀನಿ, ತಾಳದಂಥಾ ಸಣ್ಣ ದನಿ ಕೊಡೂ ಟ್ವೀಟರ್ ಎರಡೂ ಸುಟ್ಟು ಹೋಗ್ಯಾವು, ಇವನ್ನ ಇಲ್ಲೇ ಒಗದು ಹೊಸಾವು ಒಯ್ಯಿ ಅಂದ. ಹೊಸಾವು ಕೊಳ್ಳೂ ಶಕ್ತಿ ಅಕಿಗೆಲ್ಲಿ? ಡಬ್ಬಿ ಮುಂದ ಇಟಗೊಂಡು ಅಂಗಡಿ ಕಟ್ಟಿ ಮ್ಯಾಲ ಕುಂತು ಅತ್ಲು.

ಡೋಂಗ್ರಿಸಾಬ ದಿನಾ ಕುಂತು ಕೆಲಸ ಮಾಡೂದು ಅದ ಕಟ್ಟಿ ಮ್ಯಾಲ, ಸಾವಕಾರನ ನೆರಳಾಗ. ಡಬ್ಬಿ ಹೊಳ್ಳಿಸಿ ನೋಡಿದ. ಹಿಂದಿನ ಸ್ಕ್ರೂ ಮ್ಯಾಲ ಕಣಜದ ಹುಳ ಕಟ್ಟಿದ ಹಳೇ ಮಣ್ಣಿನ ಗೂಡಿತ್ತು. ಗೂಡು ಒಂಚೂರೂ ಒಡದಿರಲಿಲ್ಲ. ಅಷ್ಟರಾಗ ಸಾವಕಾರ ಹೊರಗ ಬಂದು, ಅದಕ್ಕ ಕೈ ಹಚ್ಚಿದ್ರ ನಾಳಿಂದ ಈ ಕಟ್ಟಿ ಹತ್ತಬ್ಯಾಡ ಅಂದ. ಡೋಂಗ್ರಿಸಾಬನ ಹೆಂಡ್ತಿ ಮಕ್ಕಳ ಹೊಟ್ಟಿ ತುಂಬತಿದ್ದದ್ದು ಆ ಕಟ್ಟಿಯಿಂದ. ಆದರೂ ಅಂವ ಎದ್ದ. ಎರಡೂ ಡಬ್ಬಿ ಎತ್ತಿ ನಡು ಬಜಾರಿನಾಗ ಇಟ್ಟು ಮಂದೀನ ಕರದ.

“ಸಾವಕಾರ್ರ, ಈ ಗೂಡು ಒಡೀದನ ನೀವು ಹೆಂಗ ಬಿಚ್ಚಿದ್ರಿ? ಊರ ಮಂದಿಗೆ ಹೇಳ್ರಿ.”

ಸಾವಕಾರ ಹೊಳ್ಳಿ ಅಂಗಡಿ ಒಳಗ ಹೋದ. ಡೋಂಗ್ರಿಸಾಬ ಗೂಡು ಕೆಡವಿ ಡಬ್ಬಿ ಬಿಚ್ಚಿದ. ಬ್ಯಾಟರಿ ಸೆಲ್ಲಿಗೆ ಎರಡು ವಾಯರ್ ಹಿಡದು ಟ್ವೀಟರಿಗೆ ಮುಟ್ಟಿಸಿದ. ಟಿಕ್ ಅಂತು. ಇನ್ನೊಂದಕ್ಕ ಮುಟ್ಟಿಸಿದ, ಅದೂ ಟಿಕ್ ಅಂತು. ಎರಡಕ್ಕೂ ಜೀವ ಇತ್ತು. ಮುದುಕಿ ಡಬ್ಬಿಗಳನ್ನ ಬಚ್ಚಲ ಗ್ವಾಡಿಗೆ ಹಚ್ಚಿ ಇಟ್ಟಿದ್ಲು, ಥಂಡಿ ಹೊಡದು ಟ್ವೀಟರಿಗೆ ಹೋಗೂ ವಾಯರ್ ಕಿಲುಬು ಹಿಡದು ಬಿಟ್ಟಿದ್ವು, ಅಷ್ಟ. ಕಿಲುಬು ಕೆರದು ಬೆಸುಗಿ ಹಾಕಿದ. ಬೆಸುಗಿ ಎಲ್ಲಿದು, ಬರೇ ಬಾಯಿಲೆ ಊದಿದ ಅಂತ ಹೇಳಾವರೂ ಅದಾರ. ಹೇಳಲಿ ಬಿಡ್ರಿ.

ಮುದುಕಿ ಮನಿಯಿಂದ ಟೇಪು ತರಿಸಿ ಕ್ಯಾಸೆಟ್ ಹಚ್ಚಿದ್ರು. ಹಾಡಿನ ನಡುವ ಝಣ್ ಝಣ್ ಅಂತ ತಾಳ ಬಂತು. ತಿಪ್ಪವ್ವ ತಲಿ ಮ್ಯಾಲ ಸೆರಗು ಎಳಕೊಂಡು ಎದ್ದು ನಿಂತ್ಲು.

“ನಮ್ಮವರು ಬಂದ್ರು” ಅಂದ್ಲು.

ಡೋಂಗ್ರಿಸಾಬ ಮತ್ತ ಆ ಕಟ್ಟಿ ಹತ್ತಲಿಲ್ಲ. ಮುಂದ ಸಾವಕಾರ ತಾನ ಕರದ್ರೂ ಹತ್ತಲಿಲ್ಲ. ಸಾಯೂತನಕ ಬಿಸಲಾಗ ಕುಂತು ದುಡದ ಅಂತಾರ.

ಈಗ ಅಂವ ಇಲ್ಲ, ಸಾವಕಾರನೂ ಇಲ್ಲ. ಆದ್ರ ಆ ಊರಾಗ ಇವತ್ತಿಗೂ ಯಾವ ಅಂಗಡಿಯಂವ ಇದು ಹೋಗೇತಿ ಅಂದ್ರೂ ಮಂದಿ ಹಂಗ ಹೊಳ್ಳಿ ಹೋಗೂದಿಲ್ಲ. ಹೆಂಗಸರು, ಮುದುಕರು, ಸಾಲಿ ಹುಡುಗ್ಯಾರು ಸೈತ ಎದುರಿಗೆ ಗಟ್ಟಿ ನಿಂತು, ನಮ್ಮ ಮುಂದ ಬಿಚ್ಚ್ರಿ ಅಂತಾರ. ಬಿಚ್ಚೂತನಕ ಕದಲೂದಿಲ್ಲ.